ವಾರ ಬಿಟ್ಟು ವಾರದ ಹುಡುಗಿ

ಜುಲೈ ೯

ಅಖಂಡ ಮೌನ ಸಾಮ್ರಾಜ್ಯದ ಪಟ್ಟದರಸಿ, ಕೂಗಾಟ ಕಿರುಚಾಟಗಳ ನಡುವೆಯೂ ರೆಪ್ಪೆ ಅಲುಗಿಸದ ಧೀರೆ, ಮೂರನೆಯ ಮಹಡಿಯ ಕಡೆಯ ಕೋಣೆಯ ಏಕಚಕ್ರಾಧಿಪತಿ, ಸಮಸ್ತ ಪೇಪರ್‌ವೇಟುಗಳ ಒಡತಿ, ಶ್ರೀಮನ್ಮಧ್ಯಸ್ಥೆ ಮೇಡಂ ಅವರ ದಿವ್ಯ ಸನ್ನಿಧಾನಕ್ಕೆ,

ಒಬ್ಬ ಅಪ್ಪ, ಒಬ್ಬ ಅಮ್ಮ, ಎರಡು ಮನೆ ಮತ್ತು ಎರಡು ಶಾಲೆಗಳ ಏಕೈಕ ವಾರಸುದಾರಳಾದ ಬುಗುರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಈ ಮಾತನ್ನು ಕಾಗದದಲ್ಲಿ ಎಲ್ಲರೂ ಬರೆಯುತ್ತಾರೆ. ಆದರೆ ಉಭಯದ ಮೇಲೆ ನನಗಿರುವಷ್ಟು ಹಕ್ಕು ಇನ್ಯಾರಿಗಿದೆ, ತಾವೇ ಹೇಳಿ.

ಕಳೆದ ಗುರುವಾರ ತಮ್ಮ ಕೋಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. ತಾವು ಎಷ್ಟು ಪ್ರೀತಿಯಿಂದ ಕೇಳಿದರೂ ಗೋಡೆ ಗಡಿಯಾರವನ್ನೇ ನೋಡಿಕೊಂಡು ಕೂತೆ. ಕಡೆಗೆ ತಾವು, "ಮಾತಾಡೋಕೆ ಆಗದಿದ್ರೆ ಬರೆದು ಕಳಿಸು. ನಿಮ್ಮಪ್ಪ ಅಮ್ಮಂಗೆ ತೋರಿಸಲ್ಲ" ಎಂದಿರಿ. ಆ ಮಾತು ತಪ್ಪಿದರೆ ತಮ್ಮ ಪೆನ್ನುಗಳೆಲ್ಲ ಬ್ಯಾಗಿನಲ್ಲೇ ಸೋರಲಿ ಎಂಬ ಸಣ್ಣ ಶಾಪದೊಂದಿಗೆ ಪ್ರಕರಣವನ್ನು ಅರಿಕೆ ಮಾಡುತ್ತಿದ್ದೇನೆ.

ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮವರು ಉಂಡರು, ಮಲಗಿದರು, ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಮತ್ತೆ ಶುರು ಮಾಡಿದರು. ಹೀಗೆ ಮನೆ ಎರಡಾಯಿತು. ಅಮ್ಮನದು ಕನ್ನಡಕದ ಅಂಗಡಿ. ಅಂಗಡಿಯ ಎದುರಿಗೇ ದೊಡ್ಡ ಗೇಟಿನ ಶಾಲೆ, ನನ್ನನ್ನು ಅಲ್ಲಿಗೆ ಸೇರಿಸಿದಳು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನ ಮನೆಯ ಹಿಂದೆ ತಗಡಿನ ಸೂರಿನ ಶಾಲೆ, ಅದೇ ವಾರ ಅವನು ಅಲ್ಲಿಗೆ ಸೇರಿಸಿದ. ಇಬ್ಬರೂ ಹೆಸರು ತೆಗೆಸಲು ಒಪ್ಪಲಿಲ್ಲ. ತೀರ್ಮಾನ ಆಗುವವರೆಗೆ ಒಂದು ವಾರ ಅಮ್ಮನ ಮನೆ ಅಮ್ಮನ ಶಾಲೆ, ಒಂದು ವಾರ ಅಪ್ಪನ ಮನೆ ಅಪ್ಪನ ಶಾಲೆ ಎಂದು ನ್ಯಾಯಾಧೀಶರು ಹೇಳಿದರು. ತಾತ್ಕಾಲಿಕ ಏರ್ಪಾಡಂತೆ. ಅದಕ್ಕೂ ಒಂದು ವರ್ಷ ತುಂಬಿತು.

ಮೊನ್ನೆ ದೊಡ್ಡ ಗೇಟಿನಲ್ಲಿ ಗಾದೆ ವಿಸ್ತರಿಸಲು ಕೊಟ್ಟಿದ್ದರು: "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು." ನಾನು ಎರಡು ಪುಟ ಬರೆದೆ. ಟೀಚರು "ಜೀವನದಿಂದ ಒಂದು ಉದಾಹರಣೆ ಕೊಡಬಹುದಿತ್ತು" ಎಂದು ಒಂದು ಅಂಕ ಕಳೆದರು.

ಇಂತಿ ತಮ್ಮ ಪಾದಧೂಳಿ (ಎರಡೂ ಪಾದಗಳ),
ಬುಗುರಿ


ಜುಲೈ ೨೧

ಪ್ರೀತಿಯ ಬುಗುರಿ,

ನಿನ್ನ ಬಿರುದಾವಳಿ ಓದಿ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ. ಒಂದು ತಿದ್ದುಪಡಿ: ಪೇಪರ್‌ವೇಟುಗಳು ನನ್ನವಲ್ಲ, ಸರ್ಕಾರದವು.

ನಿನ್ನ ಕಾಗದ ಕಡತಕ್ಕೆ ಸೇರುವುದಿಲ್ಲ. ಅದು ನನ್ನ ಕೈಚೀಲದಲ್ಲಿ ಇರುತ್ತದೆ.

ಒಂದು ಮಾತು ನಿನಗೆ ಮೊದಲೇ ತಿಳಿದಿರಲಿ. "ಯಾವ ಶಾಲೆ ಬೇಕು, ಯಾರ ಜೊತೆ ಇರುತ್ತೀ" ಎಂದು ನಾನು ನಿನ್ನನ್ನು ಕೇಳುವುದಿಲ್ಲ. ಅದು ದೊಡ್ಡವರು ಕೂತು ಮುಗಿಸಬೇಕಾದ ಕೆಲಸ. ಅದಕ್ಕೇ ತಿಂಗಳಿಗೊಂದು ಗುರುವಾರ ಅವರಿಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳುತ್ತಿರುವುದು. ಆದರೆ ಡಿಸೆಂಬರ್ ಒಳಗೆ ಅವರು ಒಪ್ಪಂದಕ್ಕೆ ಬರದಿದ್ದರೆ ಕಡತ ಮತ್ತೆ ನ್ಯಾಯಾಧೀಶರ ಮೇಜಿಗೆ ಹೋಗುತ್ತದೆ. ಅವರು ನಿನ್ನನ್ನು ಕರೆಸಿ ಆ ಪ್ರಶ್ನೆ ಕೇಳಬಹುದು. ನಿನ್ನಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು.

ನಿನ್ನ,
ಮಧ್ಯಸ್ಥೆ


ಆಗಸ್ಟ್ ೨೦

ಸರ್ಕಾರಿ ಪೇಪರ್‌ವೇಟುಗಳ ಗೌರವಾನ್ವಿತ ಪಾಲಕಿಯವರಲ್ಲಿ ವಿನಂತಿ,

ಆ ಪ್ರಶ್ನೆ ಯಾರೂ ಕೇಳದ ಹಾಗೆ ದಯವಿಟ್ಟು ನೋಡಿಕೊಳ್ಳಿ. ಮಿಕ್ಕಿದ್ದನ್ನೆಲ್ಲ ಈ ಬುಗುರಿ ನಿಭಾಯಿಸಬಲ್ಲಳು.

ವಿದ್ಯಾಭ್ಯಾಸ ಭರದಿಂದ ಸಾಗಿದೆ. ದೊಡ್ಡ ಗೇಟಿನಲ್ಲಿ ರಾಜನಿಗೆ ಪಟ್ಟಾಭಿಷೇಕವಾಯಿತು. ಮುಂದಿನ ವಾರ ತಗಡಿನ ಸೂರಿಗೆ ಹೋದರೆ ಅವನು ಸತ್ತು ಮಗ ಆಳುತ್ತಿದ್ದ. "ನಡುವೆ ಏನು ಮಾಡಿದ ಸಾರ್?" ಎಂದರೆ, "ಹೋದ ವಾರ ಮಾಡಿದ್ವಲ್ಲ, ಎಲ್ಲಿ ಹೋಗಿದ್ದೆ?" ಎಂದರು. ವಿಜ್ಞಾನದಲ್ಲಿ ಕಪ್ಪೆಯ ಹೊಟ್ಟೆಯನ್ನು ಎರಡು ಸಲ ಕಲಿತೆ. ಹೃದಯ ಎರಡೂ ಕಡೆ ತಪ್ಪಿಹೋಯಿತು.

ಶುಕ್ರವಾರ ಸಂಜೆ ನನ್ನ ಹಸ್ತಾಂತರ ಸಮಾರಂಭ. ಅಪ್ಪ ಅಮ್ಮ ಮುಖಾಮುಖಿಯಾದರೆ ರಸ್ತೆಯಲ್ಲಿ ಜನ ಸೇರುತ್ತಾರೆ ಎಂದು ನಡುದಾರಿಯ ಇಸ್ತ್ರಿ ಅಂಗಡಿಯನ್ನು ಗೊತ್ತು ಮಾಡಿದ್ದಾರೆ. ಒಬ್ಬರು ಬಿಟ್ಟು ಹೋಗುತ್ತಾರೆ, ಅವರು ತಿರುವು ದಾಟಿದ ಮೇಲೆ ಇನ್ನೊಬ್ಬರು ಬರುತ್ತಾರೆ. ನಡುವೆ ನಾನು ಬಟ್ಟೆ ಗಂಟುಗಳ ಮೇಲೆ ಕೂತಿರುತ್ತೇನೆ.

"ಏನಮ್ಮಾ ಬುಗುರಿ, ಮುಂದಿನ ವಾರ ಬಿಳಿ ಯೂನಿಫಾರ್ಮಾ, ನೀಲಿನಾ?" ಅನ್ನುತ್ತಾರೆ ಇಸ್ತ್ರಿ ಮಾಮ.

"ನೀಲಿ ಮಾಮ. ಅಪ್ಪನ ವಾರ."

"ಸುಕ್ಕುಸುಕ್ಕಾಗಿದೀಯಲ್ಲೇ. ನಿನ್ನೂ ಒಂದು ಸಲ ಒತ್ತಿ ಮಡಚಿ ಇಡ್ಲಾ?"

"ಒತ್ತಿ, ಆದ್ರೆ ಗಂಜಿ ಹಾಕ್ಬೇಡಿ. ಎರಡು ಮನೇಲೂ ಇರೋ ಬಿಗಿನೇ ಸಾಕು."

ಅಂಗಡಿಯಲ್ಲಿ ಅಮ್ಮ ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಾಳೆ. ಎಷ್ಟೋ ಜನಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅವಳಿಗೆ ಬೇಜಾರಾಗಬಾರದು ಅಂತ ಏನೋ ಒಂದು ಹೇಳಿಬಿಡುತ್ತಾರೆ. ನಾನೂ ಅದೇ ಜಾತಿ. ಅಮ್ಮ ಕೇಳಿದರೆ ದೊಡ್ಡ ಗೇಟು ಇಷ್ಟ, ಅಪ್ಪ ಕೇಳಿದರೆ ತಗಡಿನ ಸೂರು ಇಷ್ಟ. ಇಬ್ಬರೂ ನಂಬಿದ್ದಾರೆ, ಅದಕ್ಕೇ ಇಬ್ಬರೂ ಬಿಡುತ್ತಿಲ್ಲ.

ತಮ್ಮ ವಿಧೇಯ ಗಂಟು,
ಬುಗುರಿ


ಆಗಸ್ಟ್ ೨೮

ಪ್ರೀತಿಯ ಬುಗುರಿ,

ನಿನ್ನ ಕಾಗದ ಓದಿ ನಗು ಬಂತು. ಆಮೇಲೆ ತುಂಬ ಹೊತ್ತು ನಗು ಬರಲಿಲ್ಲ.

ಆ ಪ್ರಶ್ನೆ ಬೇಡ. ಇನ್ನೊಂದು ಕೇಳುತ್ತೇನೆ, ಉತ್ತರ ಕೊಡಲೇಬೇಕೆಂದಿಲ್ಲ. ಸೋಮವಾರ ಬೆಳಿಗ್ಗೆ ಎದ್ದ ಕೂಡಲೇ ನಿನಗೆ ಮೊದಲು ಏನು ನೆನಪಾಗುತ್ತದೆ?

ನಿನ್ನ,
ಮಧ್ಯಸ್ಥೆ


ಅಕ್ಟೋಬರ್ ೩

ಪ್ರಶ್ನಪತ್ರಿಕಾ ಪ್ರವೀಣೆಯಾದ ಮೇಡಂ ಅವರಿಗೆ,

ಸೋಮವಾರದ ಪ್ರಶ್ನೆಯನ್ನು ಪರಿಶೀಲನೆಗಾಗಿ ಕಾಯ್ದಿರಿಸಲಾಗಿದೆ. ಈ ನಡುವೆ ಡಿಸೆಂಬರ್ ಹತ್ತಿರ ಬರುತ್ತಿರುವುದನ್ನು ಗಮನಿಸಿ, ತಮ್ಮ ಅನುಮತಿ ಪಡೆಯದೆ, ಬುಗುರಿ ರಾಜತಂತ್ರವೊಂದನ್ನು ಜಾರಿಗೆ ತಂದಿದ್ದಾಳೆ.

ಅಪ್ಪನ ವಾರದ ಶನಿವಾರ ಅವನ ಜೊತೆ ಕೆಲಸಕ್ಕೆ ಹೋಗಿದ್ದೆ. ಯಾವುದೋ ಆಫೀಸಿನ ಲಿಫ್ಟು ಕೆಟ್ಟಿತ್ತು. ಅಪ್ಪ ಕೆಳಗಿನ ಗುಂಡಿಯಲ್ಲಿ, ನಾನು ಮೇಲೆ ಟಾರ್ಚು ಹಿಡಿದು.

"ಅಪ್ಪಾ, ನಂಗೆ ದೊಡ್ಡ ಗೇಟಿನ ಶಾಲೆನೇ ಇಷ್ಟ."

ಸ್ಪ್ಯಾನರಿನ ಸದ್ದು ನಿಂತಿತು. "ಯಾವಾಗಿಂದ?"

"ಮೊದ್ಲಿಂದಾನೂ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."

"ಬೇಜಾರೇನ್ ಬಂತು ಅದ್ರಲ್ಲಿ." ಸ್ಪ್ಯಾನರು ಮತ್ತೆ ಎರಡು ಸಲ ಸದ್ದು ಮಾಡಿತು. ಆಮೇಲೆ, "ಟಾರ್ಚು ಸರಿಯಾಗಿ ಹಿಡಿಯೇ, ಏನೂ ಕಾಣ್ತಿಲ್ಲ."

ಟಾರ್ಚು ಸರಿಯಾಗಿಯೇ ಇತ್ತು ಮೇಡಂ.

ನಿನ್ನೆ ಅಂಗಡಿ ಮುಚ್ಚುವಾಗ ಅಮ್ಮನಿಗೆ ಹೇಳಿದೆ. ಅವಳು ಫ್ರೇಮುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಳು.

"ಅಮ್ಮಾ, ನಂಗೆ ತಗಡು ಸೂರಿನ ಶಾಲೆನೇ ಇಷ್ಟ."

"ನಿಮ್ಮಪ್ಪ ಹೇಳ್ಕೊಟ್ಟು ಕಳಿಸಿದ್ರಾ?"

"ಇಲ್ಲಮ್ಮ. ನಂಗೇ."

ಅವಳು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದಳು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದಳು. "ಅಲ್ಲಿ ಬೋರ್ಡು ಸರಿಯಾಗಿ ಕಾಣುತ್ತೇನೆ ನಿಂಗೆ? ಮುಂದಿನ ಬೆಂಚು ಕೇಳಿ ಕೂತ್ಕೋ" ಎಂದಳು. ಶಟರು ಎಳೆಯುವಾಗ ನನ್ನ ಕಡೆ ತಿರುಗಲಿಲ್ಲ.

ಇಬ್ಬರಲ್ಲಿ ಒಬ್ಬರು ಕರಗಿದರೂ ಸಾಕು, ಪ್ರಕರಣ ಮುಕ್ತಾಯ. ಇದೇ ಬುಗುರಿಯ ಘನ ಉದ್ದೇಶ. ತಾವು ಮೌನ ಸಾಮ್ರಾಜ್ಯದ ಕೀರ್ತಿಗೆ ತಕ್ಕಂತೆ ಬಾಯಿ ಬಿಗಿಹಿಡಿಯಬೇಕಾಗಿ ಪ್ರಾರ್ಥನೆ.

ಇಂತಿ,
ರಾಜತಂತ್ರ ನಿಪುಣೆ ಬುಗುರಿ


ಅಕ್ಟೋಬರ್ ೧೭

ಮೇಡಂ ಅವರಿಗೆ ನಮಸ್ಕಾರ.

ನಾನು ಕಾಗದ ಬರೆಯುವವನಲ್ಲ. ನಿನ್ನೆ ಕೋಣೆಯಲ್ಲಿ ದನಿ ಏರಿಸಿದ್ದಕ್ಕೆ ಕ್ಷಮಿಸಿ. ಆದರೆ ನೀವೇ ಯೋಚನೆ ಮಾಡಿ. ನಾನು ಎದೆ ಗಟ್ಟಿಮಾಡಿಕೊಂಡು "ಆಯ್ತು, ಮಗು ದೊಡ್ಡ ಗೇಟಿನ ಶಾಲೆಗೇ ಹೋಗ್ಲಿ" ಎಂದೆ. ತಕ್ಷಣ ಅವಳು "ಬೇಡ, ನಿಮ್ಮ ತಗಡಿನ ಶಾಲೆಗೇ ಹೋಗ್ಲಿ" ಅನ್ನಬೇಕೆ? ಅವಳ ಜೊತೆ ಸಂಸಾರ ಮಾಡಿದವನು ನಾನು. ನಾನು ಬಿಸಿಲು ಅಂದರೆ ಅವಳು ಕೊಡೆ ಹಿಡಿದು ಮಳೆ ಅನ್ನುವವಳು. ಇಷ್ಟು ಸುಲಭವಾಗಿ ಒಪ್ಪಿದಳು ಎಂದರೆ ಒಳಗೆ ಏನೋ ಇದೆ. ನಾಳೆ ಮಗುವಿನ ಅಂಕ ಕಮ್ಮಿಯಾದರೆ "ಇವರ ಶಾಲೆಯಿಂದ ಹೀಗಾಯ್ತು" ಅಂತ ನ್ಯಾಯಾಧೀಶರ ಮುಂದೆ ಹೇಳೋದಕ್ಕೆ ಈಗಲೇ ಹೊಂಚು ಹಾಕಿದ್ದಾಳೆ.

ನಾನು ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟದ್ದೇ. ಹಿಂದೆ ತಗೊಳ್ಳೋದಿಲ್ಲ. ಮಗುವಿಗೆ ಇಷ್ಟವಾದ ಶಾಲೆಗೆ ಹೋಗಲು ಅವಳು ಬಿಡಲೇಬೇಕು.

ಇಂತಿ,
ಬುಗುರಿಯ ಅಪ್ಪ


ಅಕ್ಟೋಬರ್ ೧೮

ಮಾನ್ಯರೇ,

ಗುರುವಾರ ನಡೆದದ್ದರ ಬಗ್ಗೆ ನನ್ನ ಆಕ್ಷೇಪಣೆಯನ್ನು ದಾಖಲಿಸಲು ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಅವರು ಕೂಗಿದಾಗ ನನಗೆ ಭಯವಾಗಿರಲಿಲ್ಲ. "ಆಯ್ತು" ಎಂದಾಗ ಭಯವಾಯಿತು. ಮಗಳು ತಗಡಿನ ಸೂರಿನ ಶಾಲೆಯನ್ನೇ ಇಷ್ಟಪಡುತ್ತಾಳೆಂದು ನನಗೆ ಖಚಿತವಾಗಿ ಗೊತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಎಷ್ಟು ಕಷ್ಟವಾಯಿತೆಂಬುದು ಇಲ್ಲಿ ಬೇಡ. ನಾನು ಒಪ್ಪಿದ ದಿನವೇ ಅವರು ತಮ್ಮ ಶಾಲೆಯೇ ಬೇಡ ಎನ್ನುತ್ತಿದ್ದಾರೆ. ನನಗೆ ಸೋಲುವ ಸಮಾಧಾನವೂ ಸಿಗಬಾರದೆಂಬುದು ಅವರ ಹಟ.

ಈ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಮುಂದೆ ಬರುವುದಿಲ್ಲ. ನಾನು ಸೋತಿದ್ದೇನೆ, ಅದನ್ನು ಅವರು ಒಪ್ಪಬೇಕು.

ವಂದನೆಗಳೊಂದಿಗೆ,
ಬುಗುರಿಯ ತಾಯಿ


ಅಕ್ಟೋಬರ್ ೨೫

ಪ್ರೀತಿಯ ಬುಗುರಿ,

ನಿನ್ನ ರಾಜತಂತ್ರ ಎರಡು ಕಡೆಯೂ ಗೆದ್ದಿತು. ಅದರಿಂದಲೇ ಕೆಟ್ಟಿತು. ಮೇಜು ಗುದ್ದಿ ಗುದ್ದಿ ಬಿಟ್ಟುಕೊಡುವ ಇಬ್ಬರನ್ನು ನಾನು ಈ ಕೆಲಸಕ್ಕೆ ಬಂದ ಮೇಲೆ ನೋಡಿರಲಿಲ್ಲ. "ನೀನೇ ಗೆಲ್ಲು" ಎಂದು ನಿಮ್ಮಪ್ಪ, "ನೀವೇ ಗೆಲ್ಲಿ" ಎಂದು ನಿಮ್ಮಮ್ಮ. ಒಬ್ಬರನ್ನೊಬ್ಬರು ನಂಬುವುದನ್ನು ಮರೆತವರಿಗೆ ಒಳ್ಳೆಯ ಮಾತೂ ಕೆಟ್ಟದಾಗಿಯೇ ಕೇಳಿಸುತ್ತದೆ.

ನೀನು ಹೇಳಿದ್ದನ್ನು ನಾನು ಅವರಿಗೆ ಹೇಳಲಾರೆ, ಮಾತು ಕೊಟ್ಟಿದ್ದೇನೆ. ಹೇಳದಿದ್ದರೆ ಕಡತ ಮೇಲಕ್ಕೆ ಹೋಗುತ್ತದೆ, ನಿನ್ನನ್ನು ಕರೆಸುತ್ತಾರೆ. ಹಾಗಾಗಿ ಅನುಮತಿ ಕೇಳುತ್ತಿದ್ದೇನೆ. ಇಲ್ಲ ಎಂದರೂ ನನಗೆ ಸಿಟ್ಟಿಲ್ಲ.

ಸೋಮವಾರದ ಪ್ರಶ್ನೆಯ ಪರಿಶೀಲನೆ ಎಲ್ಲಿಗೆ ಬಂತು?

ನಿನ್ನ,
ಮಧ್ಯಸ್ಥೆ


ನವೆಂಬರ್ ೧೩

ಮೇಡಂ,

ಬಿರುದುಗಳು ಮುಗಿದುಹೋಗಿವೆ. ಕ್ಷಮಿಸಿ.

ಸೋಮವಾರ ಎದ್ದಾಗ ಮೊದಲು ನೆನಪಾಗುವುದು ಬೆಂಚು. ಶುಕ್ರವಾರ ಕೂತ ಬೆಂಚಿನಲ್ಲಿ ನಾನು ಸೋಮವಾರ ಕೂತೇ ಇಲ್ಲ. ದೊಡ್ಡ ಗೇಟಿನಲ್ಲಿ ನಾನಿಲ್ಲದ ವಾರ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ನಾನು ವಾಪಸ್ಸು ಹೋದಾಗ ಅವರು ಎದ್ದು, "ಓ, ಬಂದ್ಯಾ" ಎಂದು ಪುಸ್ತಕ ಜೋಡಿಸಿಕೊಂಡು ಹೋಗುತ್ತಾರೆ. ಜಗಳ ಏನಿಲ್ಲ, ಒಳ್ಳೆಯವರೇ. ಬೆಂಚಿನಲ್ಲಿ ಮಾತ್ರ ಅವರದೇ ಬಿಸಿ ಇರುತ್ತದೆ.

ತಗಡಿನ ಸೂರಿನಲ್ಲಿ ನನ್ನ ಪಕ್ಕ ಕೂರುವವಳನ್ನು ಕಡ್ಡಿ ಅಂತ ಕರೆಯುತ್ತಾರೆ. ಅಷ್ಟು ಸಣ್ಣ. ನಾನಿಲ್ಲದ ವಾರ ಅವಳು ತನ್ನ ಬ್ಯಾಗು, ಊಟದ ಡಬ್ಬಿ, ಸ್ವೆಟರು ಎಲ್ಲ ಹರಡಿ ನನ್ನ ಜಾಗ ತುಂಬಿಸಿ ಇಡುತ್ತಾಳಂತೆ. ಒಂದು ದಿನ ಟೀಚರು, "ನಿನ್ನ ಸಾಮಾನಿಗೇ ಒಂದು ಸೀಟು ಬೇಕೇನೇ?" ಎಂದು ಬೈದರು. ಅದಕ್ಕೆ ಅವಳು, "ಅವ್ಳು ಬರ್ತಾಳೆ ಮಿಸ್" ಎಂದಳಂತೆ. ಇದನ್ನು ನನಗೆ ಬೇರೆಯವರು ಹೇಳಿದ್ದು. ಅವಳು ಹೇಳಿಲ್ಲ.

ಅಷ್ಟೇ. ಶಾಲೆಯ ಬಗ್ಗೆ ನಾನು ಏನೂ ಹೇಳಲಿಲ್ಲ, ಬೆಂಚಿನ ಬಗ್ಗೆ ಹೇಳಿದೆ.

ಅನುಮತಿ ಕೊಟ್ಟಿದ್ದೇನೆ. ಹೇಳಿ. ಆದರೆ ಅವರಿಬ್ಬರನ್ನೂ ಬೈಯಬೇಡಿ. ಅಪ್ಪ ಬೈಸಿಕೊಂಡ ದಿನ ಊಟ ಮಾಡುವುದಿಲ್ಲ. ಅಮ್ಮ ಬೈಸಿಕೊಂಡ ದಿನ ಮನೆಯೆಲ್ಲ ಒರೆಸುತ್ತಾಳೆ.

ಬುಗುರಿ


ನವೆಂಬರ್ ೨೮

ಪ್ರೀತಿಯ ಬುಗುರಿ,

ನಿನ್ನೆ ನೀನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಏನಾಯಿತೆಂದು ತಿಳಿಯುವ ಹಕ್ಕು ನಿನಗಿದೆ.

ನಾನು ಯಾರನ್ನೂ ಬೈಯಲಿಲ್ಲ. "ಮಗಳಿಗೆ ಯಾವ ಶಾಲೆ ಇಷ್ಟ ಅಂತ ನಿಮಗೆ ಹೇಳಿದ್ದು ಯಾರು?" ಎಂದು ಇಬ್ಬರನ್ನೂ ಕೇಳಿದೆ, ಅಷ್ಟೇ. "ಇನ್ಯಾರು, ಅವಳೇ" ಎಂದರು ನಿಮ್ಮಪ್ಪ. "ನಿಮ್ಮ ಹತ್ರ ಏನಂದ್ಲು?" ಎಂದರು ನಿಮ್ಮಮ್ಮ. ಅವರು ಹೇಳಿದರು. ಇವರು ಹೇಳಿದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕಳ್ಳಿ. ಥೇಟ್ ನಿನ್ನ ಹಾಗೇ" ಎಂದರು ನಿಮ್ಮಪ್ಪ.

"ನನ್ನ ಹಾಗಾ? ಮುಖದ ಮೇಲೆ ಹೊಡೆದ ಹಾಗೆ ಸುಳ್ಳು ಹೇಳೋದು ಯಾರ ಮನೆ ವಿದ್ಯೆ?"

ಆಮೇಲೆ ಕೇಳಿದ ಸದ್ದು ನಿನಗೂ ಕೇಳಿಸಿರಬೇಕು. ನಿಮ್ಮಮ್ಮ ನಗುತ್ತಲೇ ಅತ್ತರು. ನಿಮ್ಮಪ್ಪ ನೀರಿನ ಲೋಟ ಅವರ ಕಡೆ ಸರಿಸಿದರು. ಅವರು ಕುಡಿಯಲಿಲ್ಲ, ಹಿಂದಕ್ಕೆ ತಳ್ಳಲೂ ಇಲ್ಲ.

ನಾನು ಬೆಂಚಿನ ವಿಷಯ ಹೇಳಿದೆ. ಕಡ್ಡಿಯ ವಿಷಯವನ್ನೂ.

ತೀರ್ಮಾನ ಇದು: ತಗಡಿನ ಸೂರಿನ ಶಾಲೆ, ಎಲ್ಲ ವಾರವೂ. ಸೋಮವಾರದಿಂದ ಶುಕ್ರವಾರದವರೆಗೆ ಅಮ್ಮನ ಮನೆ. ಅಲ್ಲಿಂದ ಒಂದೇ ಬಸ್ಸು, ಅಂಗಡಿ ತೆರೆಯುವ ಮೊದಲು ನಿಮ್ಮಮ್ಮನೇ ಬಿಟ್ಟು ಬರುತ್ತಾರೆ. ಶುಕ್ರವಾರ ಸಂಜೆ ಅಪ್ಪ ಶಾಲೆಯಿಂದಲೇ ಕರೆದುಕೊಂಡು ಹೋಗಿ ಸೋಮವಾರ ಬೆಳಿಗ್ಗೆ ಶಾಲೆಗೇ ಬಿಡುತ್ತಾರೆ. ಇಸ್ತ್ರಿ ಅಂಗಡಿ ಬೇಡ. ಅವರಿಬ್ಬರೂ ಎದುರುಬದುರಾಗುವ ಸಂದರ್ಭವೇ ಬರುವುದಿಲ್ಲ. ಅದೇ ಈ ಏರ್ಪಾಡಿನ ಗಟ್ಟಿತನ. ಇಬ್ಬರೂ ಸಹಿ ಹಾಕಿದ್ದಾರೆ. ಗುರುವಾರಗಳು ಮುಗಿದವು. ನ್ಯಾಯಾಧೀಶರು ನಿನ್ನನ್ನು ಏನೂ ಕೇಳುವುದಿಲ್ಲ.

ನೀನು ಗೆದ್ದೆ, ಪುಟ್ಟಿ.

ನಿನ್ನ,
ಮಧ್ಯಸ್ಥೆ


ಡಿಸೆಂಬರ್ ೧೨

ಸಂಧಾನ ಚಕ್ರವರ್ತಿನಿ, ಉಭಯಪಕ್ಷ ಶಾಂತಿದಾಯಿನಿ, ನಿವೃತ್ತ ಗುರುವಾರಗಳ ಮಹಾರಾಣಿ ಮೇಡಂ ಅವರಿಗೆ,

ಹೊಸ ರಾಜ್ಯಭಾರ ಸುಸೂತ್ರವಾಗಿ ನಡೆಯುತ್ತಿದೆ. ಮೊದಲ ಸೋಮವಾರ ನಾನು ಹೋದಾಗ ಕಡ್ಡಿ ಅಭ್ಯಾಸಬಲದಿಂದ ನನ್ನ ಜಾಗದಲ್ಲಿ ಸ್ವೆಟರು ಹರಡಿದ್ದಳು. "ತೆಗಿಯೇ, ಇನ್ನು ದಿನಾ ಬರ್ತೀನಿ" ಎಂದೆ. "ದಿನಾನಾ? ಥೂ, ಡಬ್ಬಿ ಎಲ್ಲಿಡ್ಲಿ ಇನ್ನು" ಎಂದಳು. ಮಧ್ಯಾಹ್ನದವರೆಗೂ ಹಲ್ಲು ಮುಚ್ಚಲಿಲ್ಲ.

ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಾಳೆ. ಶುಕ್ರವಾರ ಅಪ್ಪ ಗಂಟೆ ಹೊಡೆಯುವ ಮೊದಲೇ ಬಂದು ಗೇಟಿನ ಹತ್ತಿರ ನಿಂತಿರುತ್ತಾನೆ, ಯಾರೋ ಅವನನ್ನು ಶಾಲೆಗೆ ಸೇರಿಸಲು ಕರೆತಂದ ಹಾಗೆ. ಅಪ್ಪ ಅಮ್ಮನ ಬಗ್ಗೆ ಕೇಳುವುದಿಲ್ಲ. ಅಮ್ಮ ಅಪ್ಪನ ಬಗ್ಗೆ ಕೇಳುವುದಿಲ್ಲ. ಯಾರೂ ಯಾರಿಗೂ ಬೈಯುವುದಿಲ್ಲ. ಮನೆ ಎರಡೂ ತುಂಬ ಶಾಂತವಾಗಿವೆ. ತಾವು ಬಂದು ನೋಡಬೇಕು, ಅಷ್ಟು ಶಾಂತ.

ಅವತ್ತು ಒಳಗಿನ ನಗು ಕೇಳಿಸಿತು ಮೇಡಂ. ಮೊದಲು ಯಾರದೆಂದು ಗೊತ್ತಾಗಲಿಲ್ಲ. ಬೇರೆ ಯಾರೋ ಗಂಡ ಹೆಂಡತಿ ಬಂದಿದ್ದಾರೆ ಅಂದುಕೊಂಡೆ.

ಈಗ ಒಂದು ಸಣ್ಣ ತಪ್ಪೊಪ್ಪಿಗೆ. ಇದನ್ನೂ ಕೈಚೀಲದಲ್ಲೇ ಇಡಿ.

ಇಬ್ಬರಲ್ಲಿ ಒಬ್ಬರು ಕರಗಲಿ ಅಂತ ಉಲ್ಟಾ ಹೇಳಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇಬ್ಬರೂ ಕರಗುತ್ತಾರೆಂದು ಗೊತ್ತಿತ್ತು. ಅವರನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇಬ್ಬರೂ ಬಿಟ್ಟುಕೊಟ್ಟರೆ ಒಬ್ಬರೂ ನಂಬುವುದಿಲ್ಲ, ಜಗಳ ಹೊಸದಾಗಿ ಶುರುವಾಗುತ್ತದೆ, ಇನ್ನೊಂದಿಷ್ಟು ಗುರುವಾರ ಸಿಗುತ್ತವೆ ಎಂದು ಲೆಕ್ಕ ಹಾಕಿಯೇ ಹೇಳಿದ್ದು. ಆಮೇಲೆ ತಾವು ಅನುಮತಿ ಕೇಳಿದಿರಿ. ಇಲ್ಲ ಅನ್ನಲು ಆಗಲಿಲ್ಲ.

ಗುರುವಾರ ಮಾತುಕತೆ ಮುಗಿದ ಮೇಲೆ ಅವರಿಬ್ಬರೂ ಮೆಟ್ಟಿಲಿನಲ್ಲಿ ಇಳಿಯುತ್ತಿರಲಿಲ್ಲ. ಮೆಟ್ಟಿಲಿಗೆ ಹೋದವರು ಸೋತ ಹಾಗೆ ಎಂದು ಇಬ್ಬರೂ ಹಟ ಹಿಡಿದು ಲಿಫ್ಟಿಗೇ ಬರುತ್ತಿದ್ದರು. ಅಮ್ಮ ಒಂದು ಮೂಲೆ, ಅಪ್ಪ ಒಂದು ಮೂಲೆ, ನಡುವೆ ನಾನು. ಯಾರೂ ಮಾತಾಡುತ್ತಿರಲಿಲ್ಲ. ತಮ್ಮ ಕಟ್ಟಡದ ಲಿಫ್ಟು ಬಹಳ ನಿಧಾನ, ತಾವೂ ಗಮನಿಸಿರಬಹುದು. ಒಂದು ಸಲ ಅಪ್ಪ ಅದರ ಗೋಡೆಗೆ ಕಿವಿ ಕೊಟ್ಟು, "ಇದು ಇಷ್ಟು ನಿಧಾನ ಇರ್ಬಾರ್ದು ಕಣೇ. ಸಣ್ಣ ಕೆಲ್ಸ. ಅವ್ರಿಗೆ ಹೇಳಿ ಸರಿ ಮಾಡಿಕೊಡ್ಲಾ?" ಎಂದ.

ಬೇಡ ಬಿಡಪ್ಪ ಎಂದೆ.

ಇಂತಿ,
ಬುಗುರಿ